ಹಡಗಿನವರ ಕಾಯಿಲೆ

ದೀಪಾವಳಿ ಕಳೆದ ಮೂರನೆಯ ದಿನ ಬೆಳಿಗ್ಗೆ ಚಿನ್ಮಯಿ ಹಾಸಿಗೆಯಿಂದ ಇಳಿಯಲಿಲ್ಲ. ಅದಕ್ಕೂ ಮೊದಲು ಎರಡು ವಾರದಿಂದ ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ತಾಯಿ ಮಂಗಳಾಗೌರಿ ಅದು ಹೊಸ ಚಪ್ಪಲಿಯ ಕಾಟವೆಂದು ತಿಳಿದು ಹಳೆಯದನ್ನೇ ಹಾಕಿಸಿದ್ದಳು. ಈಗ ಚಪ್ಪಲಿಯ ಮಾತೇ ಉಳಿಯಲಿಲ್ಲ. ಎತ್ತಿ ನೆಲದ ಮೇಲೆ ನಿಲ್ಲಿಸಲು ಹೋದರೆ ಐದು ವರ್ಷದ ಹುಡುಗಿ ಎರಡೂ ಕಾಲನ್ನು ಹೊಟ್ಟೆಯ ಕಡೆಗೆ ಮಡಚಿಕೊಂಡು, ಪಕ್ಕದ ಮನೆಯವರು ಬಾಗಿಲು ತೆರೆದು ಇಣುಕುವಂತೆ ಕಿರುಚಿದಳು.

"ಬ್ಯಾಡ! ಬ್ಯಾಡ!"

ಅವಳಿಗೆ ಬರುತ್ತಿದ್ದ ಮಾತುಗಳೇ ಎರಡು. ಒಂದು ಅಮ್ಮನ ಗದಗಿನ 'ಬ್ಯಾಡ'. ಇನ್ನೊಂದು ವಿಶಾಖಪಟ್ಟಣದ ಗಾಜುವಾಕ ಬಡಾವಣೆಯ ಶಿಶುವಿಹಾರದಲ್ಲಿ ಕಲಿತ ತೆಲುಗಿನ 'ನೀಳ್ಳು', ಅಂದರೆ ನೀರು. ಎರಡೂವರೆ ವರ್ಷದವಳಿದ್ದಾಗ ಅಲ್ಲಿನ ಡಾಕ್ಟರು ಆಟಿಸಂ ಎಂದು ಹೇಳಿದ್ದರು. ಆ ದಿನ ಅತ್ತು ಮುಗಿಸಿದ ಮೇಲೆ ಮಂಗಳಾ ಮತ್ತೆ ಅತ್ತಿರಲಿಲ್ಲ. ಮಗಳು ಕಣ್ಣಿಟ್ಟು ನೋಡದಿದ್ದರೂ, ಕರೆದರೆ ತಿರುಗದಿದ್ದರೂ, ಜಿಂಕೆಯ ಹಾಗೆ ಓಡುತ್ತಿದ್ದಳು. ಮನೆಯ ಉದ್ದಗಲ, ಮಹಡಿಯ ಉದ್ದಗಲ, ಬೀಚಿನ ಮರಳಿನ ಉದ್ದಗಲ. ಆ ಓಟವೇ ಅವಳ ನಗು, ಆ ಓಟವೇ ಅವಳ ಮಾತು ಎಂದು ಅಪ್ಪ ಶಿವಲಿಂಗಪ್ಪ ಹೇಳುತ್ತಿದ್ದ.

ಶಿವಲಿಂಗಪ್ಪ ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್. ಮಂಗಳಾ ಬ್ಯಾಂಕಿನಲ್ಲಿ ಅಧಿಕಾರಿ. ಐದು ವರ್ಷ ಗಾಜುವಾಕದ ಬಾಡಿಗೆ ಮನೆಯಲ್ಲಿ ಇಬ್ಬರ ಕೆಲಸವೂ ಒಂದೇ ಊರಲ್ಲಿ ಹೇಗೋ ಹೊಂದಿಕೊಂಡಿತ್ತು. ಜೂನ್ ತಿಂಗಳಲ್ಲಿ ಅವಳನ್ನು ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗ ಮಾಡಿದರು. ಸೆಪ್ಟೆಂಬರಿನಲ್ಲಿ ಅವನ ಹಡಗು ದೂರದ ಪ್ರಯಾಣಕ್ಕೆ ಹೊರಟಿತು. ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಬುಡದ ಓಣಿಯೊಂದರಲ್ಲಿ ಎರಡು ಕೋಣೆಯ ಮನೆ, ಹಗಲು ಮಗುವನ್ನು ನೋಡಿಕೊಳ್ಳಲು ಗಂಗಾಭವಾನಿ ಎಂಬ ಐವತ್ತರ ಹೆಂಗಸು, ಮತ್ತು ತಾನು. ಮಗುವಿನ ನಡಿಗೆ ನಿಂತ ದಿನ ಮಂಗಳಾಗೆ ಇದ್ದ ಬಲವೆಲ್ಲ ಇಷ್ಟೇ.

ಮೊದಲು ಕಂಡ ಡಾಕ್ಟರು ಬೆಳೆಯುವ ಮಕ್ಕಳಿಗೆ ಕಾಲು ನೋಯುವುದು ಸಹಜ ಎಂದರು. ನಾಲ್ಕು ದಿನ ಕಾದು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಎಲ್ಲೂ ಮುರಿದಿಲ್ಲ ಎಂದು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು.

"ಇಂಥ ಮಕ್ಕಳಲ್ಲಿ ಹೀಗಾಗುತ್ತದೆ ಮೇಡಂ. ಊರು ಬದಲಾಯಿತು, ತಂದೆ ಇಲ್ಲ. ಕಲಿತದ್ದನ್ನು ಬಿಟ್ಟುಬಿಡುತ್ತಾರೆ. ನಡೆಯುವುದನ್ನೂ ಬಿಟ್ಟಿದ್ದಾಳೆ. ಇದು ವರ್ತನೆಯ ತೊಂದರೆ. ಅವಳ ಥೆರಪಿಯವರಿಗೆ ತೋರಿಸಿ."

ಮಂಗಳಾ ಅಷ್ಟು ಹೊತ್ತು ಒಳ್ಳೆಯ ತೆಲುಗಿನಲ್ಲೇ ಮಾತಾಡುತ್ತಿದ್ದಳು. ಸಿಟ್ಟು ಬಂದಾಗ ಅವಳ ಬಾಯಿಗೆ ಬರುವುದು ಗದಗೇ.

"ನನ್ನ ಮಗಳು ನಾಟಕ ಮಾಡೂದಿಲ್ರೀ. ಆಕೀಗೆ ನಾಟಕ ಮಾಡಾಕ ಬರೂದಿಲ್ಲ. ಅದs ಅಲ್ಲೇನ್ರೀ ಆಕೀ ತೊಂದರೆ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಆದರೆ ದನಿ ಅರ್ಥವಾಗಿರಬೇಕು. ರಕ್ತ ಪರೀಕ್ಷೆ ಬರೆದುಕೊಟ್ಟರು. ರಕ್ತದ ವರದಿ ಬಂದ ಮೇಲೆ ಮಾತಿನ ರೀತಿಯೇ ಬದಲಾಯಿತು. ಮಗುವಿನಲ್ಲಿ ರಕ್ತ ಬಹಳ ಕಡಿಮೆಯಿತ್ತು. ಕಾಲಿನ ಚರ್ಮದಲ್ಲಿ ಸೂಜಿ ಚುಚ್ಚಿದಂತೆ ಕೆಂಪು ಚುಕ್ಕೆಗಳಿದ್ದವು. ಇಬ್ಬರು ಮೂವರು ಡಾಕ್ಟರು ಮೂಲೆಯಲ್ಲಿ ನಿಂತು ಪಿಸುಗುಟ್ಟಿದರು. ಕೊನೆಗೆ ಒಬ್ಬರು ಬಂದು, ರಕ್ತದ ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು, ಮುಂದಿನ ಸೋಮವಾರ ಅರಿವಳಿಕೆ ಕೊಟ್ಟು ಮೂಳೆಯೊಳಗಿನ ಮಜ್ಜೆ ತೆಗೆದು ನೋಡೋಣ ಎಂದರು. ಸಹಿ ಮಾಡುವ ಕಾಗದವನ್ನು ಕೈಗಿತ್ತರು.

ಆ ಕಾಗದ ಮಂಗಳಾಳ ಚೀಲದಲ್ಲಿ ಮೂರು ದಿನ ಇತ್ತು. ಬ್ಯಾಂಕಿಗೆ ರಜೆ ಹಾಕಿ ಮಗಳ ಪಕ್ಕದಲ್ಲೇ ಕುಳಿತಳು. ಮನೆಯವರು ಚಿನ್ನಿ ಎಂದು ಕರೆಯುವ ಚಿನ್ಮಯಿ ಕಪ್ಪೆಯ ಹಾಗೆ ಕಾಲು ಮಡಚಿ ಅಗಲಿಸಿ ಮಲಗಿರುತ್ತಿದ್ದಳು. ಹೊದಿಕೆ ತಾಗಿದರೂ ನರಳುತ್ತಿದ್ದಳು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು, ಎರಡು ವರ್ಷದ ಹಿಂದೆ ನಿಂತುಹೋಗಿದ್ದವೆಲ್ಲವೂ ಮರಳಿ ಬಂದಿದ್ದವು.

ಶನಿವಾರ ಮಧ್ಯಾಹ್ನ ಗಂಗಾಭವಾನಿ ಅಡುಗೆಮನೆಯಿಂದ ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಚಿನ್ನಿ ಅರ್ಧ ಕಚ್ಚಿ ಬಿಟ್ಟ ಚೌಕದ ಉಪ್ಪು ಬಿಸ್ಕೀಟು. ಕಚ್ಚಿದ ಅಂಚಿನಲ್ಲಿ ಕೆಂಪು ಗೆರೆ.

"ಅಮ್ಮಾ, ಇದು ರಕ್ತ. ನಿನ್ನೆ ದಿಂಬಿನ ಮೇಲೂ ಇತ್ತು, ಸೊಳ್ಳೆದ್ದು ಅಂದುಕೊಂಡೆ. ಈಗ ಪಾಪ ಅಳುವಾಗ ಬಾಯೊಳಗೆ ನೋಡಿದೆ. ಒಸಡು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿದೆ."

ಚಿನ್ನಿಯ ಬಾಯಿಯೊಳಗೆ ಇಣುಕುವುದು ಯಾರಿಗೂ ಸುಲಭವಿರಲಿಲ್ಲ. ಬ್ರಷ್ ಕಂಡರೆ ಹಲ್ಲು ಕಚ್ಚಿಬಿಡುತ್ತಿದ್ದಳು. ಆಸ್ಪತ್ರೆಯವರೂ ನೋಡಿರಲಿಲ್ಲ, ತಾನೂ ನೋಡಿರಲಿಲ್ಲ.

ಅದೇ ಹೊತ್ತಿಗೆ ಫೋನು ಬಂತು. ಹಡಗು ಯಾವುದೋ ಬಂದರು ತಲುಪಿತ್ತು. ಹನ್ನೆರಡು ದಿನಗಳ ಮೇಲೆ ಶಿವಲಿಂಗಪ್ಪನ ದನಿ.

"ಹೆಂಗದಾಳ ಚಿನ್ನಿ? ಡಾಕ್ಟರು ಏನಂತಾರ?"

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. "ಈಗ ಒಸಡಿನ್ಯಾಗೂ ರಕ್ತ ಬರಾಕತ್ತೇತ್ರಿ. ಬಿಸ್ಕೀಟಿಗೆ ಹತ್ತಿತ್ತು," ಎಂದು ಮುಗಿಸಿದಳು.

ಆ ಕಡೆಯಿಂದ ಶಿವಲಿಂಗಪ್ಪ ಕೇಳಿದ್ದನ್ನೇ ಒಂದೊಂದಾಗಿ ಎಣಿಸಿದ.

"ಕಾಲು ನೋವು, ಒಸಡಿನ್ಯಾಗ ರಕ್ತ... ಮಂಗಳಾ, ನಾ ಒಂದು ಹೇಳತೀನಿ, ನಗಬ್ಯಾಡ."

"ನಗೂ ಹಂಗ ಅದೀನೇನ್ರಿ ನಾ?"

"ಚಿಲ್ಕಾದಾಗ ಟ್ರೇನಿಂಗಿಗೆ ಇದ್ದಾಗ ಒಬ್ಬ ಮುದುಕ ಇನ್‌ಸ್ಟ್ರಕ್ಟರ್ ಇದ್ದ. ಹಾಯಿ ಹಡಗಿನ ಕಾಲದಾಗ ತಿಂಗಳುಗಟ್ಟಲೆ ಒಣ ರೊಟ್ಟಿ, ಉಪ್ಪು ಮಾಂಸ ತಿಂದು ತಿಂದು ಹಡಗಿನವ್ರಿಗೆ ಒಂದು ರೋಗ ಬರತಿತ್ತಂತ. ಕಾಲು ನಿಲ್ಲತಿರಲಿಲ್ಲ, ಒಸಡು ಊದಿ ರಕ್ತ ಸೋರತಿತ್ತಂತ. ನಿಂಬೆಹಣ್ಣಿನ ರಸ ಕುಡಿಸಿದ್ರ ವಾರದಾಗ ಎದ್ದು ನಿಂದರತಿದ್ರು ಅಂತ ಹೇಳತಿದ್ದ."

"ಆಕಿ ಯಾವ ಹಡಗಿನ್ಯಾಗ ಅದಾಳ್ರೀ, ಇಲ್ಲೆ ಮನಿಯಾಗ..."

ಮಂಗಳಾಳ ಮಾತು ಅರ್ಧಕ್ಕೇ ನಿಂತಿತು. ಚಿನ್ನಿ ಈ ಮನೆಯಲ್ಲಿ ತಿನ್ನುವುದೇನು? ಬಿಳಿ ಅನ್ನ. ಕಾಸಿದ ಹಾಲು. ಚೌಕದ ಉಪ್ಪು ಬಿಸ್ಕೀಟು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ಸಂಜೆ ಅದೇ. ತೂಕ ಇಳಿದಿರಲಿಲ್ಲ, ಕೆನ್ನೆ ತುಂಬಿಕೊಂಡೇ ಇದ್ದವು. ಆದ್ದರಿಂದ ಯಾರೂ ಕೇಳಿರಲಿಲ್ಲ.

"ಗಾಜುವಾಕದಾಗ ಬತ್ತಾಯಿ ರಸ ಕುಡಿತಿದ್ಳಲ್ಲ, ಮೋಸಂಬಿದು," ಎಂದಳು ನಿಧಾನಕ್ಕೆ. "ದಿನಾ ಸಂಜೀಕ. ಕೈಯಿಂದ ತಿರುವೋ ಮಿಷನ್ ಇಟ್ಕೊಂಡಿದ್ದನಲ್ಲ, ಬಸ್‌ಸ್ಟ್ಯಾಂಡ್ ಮುಂದ, ಅವನ ಹತ್ರ. ಇಲ್ಲಿ ಬಂದ ಮ್ಯಾಲೆ ಬಿಟ್ಟಳು. ಇಲ್ಲಿಯವ್ರದ್ದೆಲ್ಲ ಕರೆಂಟಿನ ಮಿಷನ್. ಆ ಸಪ್ಪಳಕ್ಕ ಕಿವಿ ಮುಚ್ಕೊಂಡು ಓಡಿದ್ಳು. ಮನಿಯಾಗ ಹಿಂಡಿ ಕೊಟ್ರೂ ಮುಟ್ಟಲಿಲ್ಲ. ಜೂನ್, ಜುಲೈ..." ಬೆರಳು ಮಡಚಿದಳು. ಐದು ತಿಂಗಳಾಗಿತ್ತು. ಐದು ತಿಂಗಳಿಂದ ಆ ಬಾಯಿಗೆ ಒಂದು ಹಣ್ಣು, ಒಂದು ಎಸಳು ಸೊಪ್ಪು, ಒಂದು ಹನಿ ಹುಳಿ ಹೋಗಿರಲಿಲ್ಲ.

ಆಮೇಲೆ ಶಿವಲಿಂಗಪ್ಪ ಮೆಲ್ಲಗೆ ಅಂದ: "ಹಂಗಾದ್ರ ವಿಟಮಿನ್ ಸಿ ಮಂಗಳಾ."

ಆ ಒಂದು ಶಬ್ದ ಮಂಗಳಾಳ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಎತ್ತದ ಶಬ್ದವಾಗಿತ್ತು.

ಚಿನ್ನಿಗೆ ಮೂರು ವರ್ಷವಿದ್ದಾಗ ವೈಜಾಗಿನ ಹೋಟೆಲೊಂದರಲ್ಲಿ ದುರ್ಗಾಪ್ರಸಾದ್ ಎಂಬ ಪೌಷ್ಟಿಕಾಂಶ ಸಲಹೆಗಾರನ ಸಭೆ ನಡೆದಿತ್ತು. ಬಿಳಿ ಕೋಟು, ಇಂಪಾದ ಮಾತು. ಒಂಬತ್ತು ಸೀಸೆಗಳ ಪೆಟ್ಟಿಗೆ. ಆರು ತಿಂಗಳು ಬಿಡದೆ ಕೊಟ್ಟರೆ ಮಗು ಮಾತಾಡುತ್ತದೆ, ಆಟಿಸಂ ಕರಗಿಹೋಗುತ್ತದೆ ಎಂದಿದ್ದ. ಮಂಗಳಾ ನಂಬಿದಳು. ಎಂಟು ವಾರ ದಿನಕ್ಕೆ ಮೂರು ಸಲ ಶಿವಲಿಂಗಪ್ಪ ಮಗುವಿನ ಕೈ ಹಿಡಿಯುವುದು, ತಾನು ಮೂಗು ಹಿಡಿದು ಚಮಚ ತುರುಕುವುದು. ಮಾತು ಬರಲಿಲ್ಲ. ಚಮಚ ಕಂಡರೆ ನಡುಗುವುದು ಬಂತು. ಅಲ್ಲಿಯವರೆಗೆ ಇಡ್ಲಿ, ಬಾಳೆಹಣ್ಣು, ಬೇಳೆ ತಿನ್ನುತ್ತಿದ್ದ ಹುಡುಗಿ, ಇವುಗಳಲ್ಲಿ ಏನು ಬೆರೆಸಿದ್ದಾರೋ ಎಂದು ಒಂದೊಂದನ್ನೇ ಬಿಟ್ಟಳು. ಕೊನೆಗೆ ಉಳಿದದ್ದು ಅನ್ನ, ಹಾಲು, ಬಿಸ್ಕೀಟು ಮತ್ತು ಬೀದಿಯ ಆ ರಸ. ಒಂದು ದಿನ ಮಂಗಳಾ ಒಂಬತ್ತೂ ಸೀಸೆಗಳನ್ನು ಕಸದ ಗಾಡಿಗೆ ಹಾಕಿ, ವಿಟಮಿನ್ ಎಂಬ ಹೆಸರಿನ ಯಾವುದೂ ತನ್ನ ಹೊಸ್ತಿಲು ದಾಟಕೂಡದು ಎಂದು ಆಣೆ ಇಟ್ಟಿದ್ದಳು. ಆಮೇಲೆ ಡಾಕ್ಟರೊಬ್ಬರು ಸಾಧಾರಣ ಡ್ರಾಪ್ಸ್ ಬರೆದುಕೊಟ್ಟಾಗಲೂ ಚೀಟಿ ಹರಿದು ಹಾಕಿದ್ದಳು.

ಆ ಚೀಟಿ ಈಗ ನೆನಪಾಗಿ ಎದೆಯಲ್ಲಿ ಕಡ್ಡಿ ಮುರಿದಂತಾಯಿತು. ಆದರೆ ಕೊರಗುತ್ತ ಕೂರುವ ಹೊತ್ತಲ್ಲ. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು.

"ಭವಾನಮ್ಮಾ, ಇಲ್ಲಿ ಮಾತು ಕೇಳಿಸಿಕೊಳ್ಳುವ ಮಕ್ಕಳ ಡಾಕ್ಟರು ಯಾರಿದ್ದಾರೆ?" ಎಂದು ಕೇಳಿದಳು.

"ಒನ್ ಟೌನಿನ ರಾಜ್ಯಲಕ್ಷ್ಮಮ್ಮ. ನನ್ನ ಮೂರೂ ಮೊಮ್ಮಕ್ಕಳನ್ನು ನೋಡಿದವರು. ಬೈತಾರೆ. ಆದರೆ ಕೇಳ್ತಾರೆ."

ಭಾನುವಾರ ಬೆಳಿಗ್ಗೆ ಒನ್ ಟೌನಿನ ಸಗಟು ಅಂಗಡಿಗಳ ಬಾಗಿಲುಗಳೆಲ್ಲ ಇಳಿದಿದ್ದವು. ಬಟ್ಟೆ ಮಂಡಿಯೊಂದರ ಮೇಲೆ ಮೊದಲ ಮಹಡಿಯಲ್ಲಿ ಕ್ಲಿನಿಕ್, ಅದರ ಮೇಲೆ ಡಾಕ್ಟರ ಮನೆ. ಆಟೋದಿಂದ ಗಂಗಾಭವಾನಿ ಮಗುವನ್ನು ದಿಂಬಿನ ಸಮೇತ ಎತ್ತಿಕೊಂಡು ಇಳಿದಳು. ಮೆಟ್ಟಿಲು ಮೆಟ್ಟಿಲಿಗೂ ಚಿನ್ನಿಯ ಕಿರುಚಾಟ. ಬಾಗಿಲು ತೆಗೆದ ಡಾಕ್ಟರ್ ರಾಜ್ಯಲಕ್ಷ್ಮಿಗೆ ಅರವತ್ತು ದಾಟಿತ್ತು. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ಭಾನುವಾರ ಹಾಳಾದ ಸಿಟ್ಟು.

"ಕೂತ್ಕೋ. ನೀನು ಡಾಕ್ಟರಾ?"

"ಅಲ್ಲ ಮೇಡಂ, ಬ್ಯಾಂಕು."

"ಹಾಗಾದರೆ ರೋಗದ ಹೆಸರು ಹೇಳಬೇಡ. ಏನು ನೋಡಿದೆಯೋ ಅದನ್ನು ಹೇಳು."

ಮಂಗಳಾ ನೋಡಿದ್ದನ್ನು ನೋಡಿದ ಹಾಗೇ ಹೇಳಿದಳು. ಬಿಸ್ಕೀಟಿನ ರಕ್ತ, ಕಪ್ಪೆಯಂತೆ ಮಡಚಿದ ಕಾಲು, ಕೆಂಪು ಚುಕ್ಕೆ, ಬಿಟ್ಟುಹೋದ ಬತ್ತಾಯಿ ರಸ, ಐದು ತಿಂಗಳ ಬಿಳಿ ಅನ್ನ. ಒಂಬತ್ತು ಸೀಸೆಗಳನ್ನೂ ಬಿಡಲಿಲ್ಲ, ಹರಿದ ಚೀಟಿಯನ್ನೂ ಬಿಡಲಿಲ್ಲ, ಗಂಡನ ಮೇಷ್ಟ್ರು ಹೇಳಿದ ಹಡಗಿನ ಕಥೆಯನ್ನೂ ಬಿಡಲಿಲ್ಲ. ಅವಳು ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರ ಕಾಫಿ ಆರಿಹೋಯಿತು.

ಅವರು ಎದ್ದು ಬಂದು ಮಗುವನ್ನು ಮುಟ್ಟಲಿಲ್ಲ. ನೆಲದ ಮೇಲೆ ಕುಳಿತರು. ಚಿನ್ನಿ ಮತ್ತೊಮ್ಮೆ ಅಳಲು ಬಾಯಿ ತೆರೆದಾಗ ಕಿರುದೀಪದಿಂದ ಒಳಗೆ ಒಂದು ನೋಟ ನೋಡಿದರು. ಕಾಲಿನ ರೋಮಗಳನ್ನು ಭೂತಗನ್ನಡಿ ಹಿಡಿದು ದೂರದಿಂದಲೇ ನೋಡಿದರು. ಅವು ಸುರುಳಿ ಸುತ್ತಿಕೊಂಡಿದ್ದವು. ಆಮೇಲೆ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಕಿಟಕಿಯಾಚೆ ಇಂದ್ರಕೀಲಾದ್ರಿ ಬಿಸಿಲಿಗೆ ಬೆಳ್ಳಗಾಗಿತ್ತು.

"ಇಲ್ಲಿ ಬಾ," ಎಂದರು. ಮೊಣಕಾಲಿನ ಹತ್ತಿರ ಮೂಳೆಯ ತುದಿಯಲ್ಲಿ ಬಳಪದಿಂದ ಎಳೆದಂಥ ಬಿಳಿ ಗೆರೆ, ಅದರ ಹಿಂದೆ ಒಂದು ಮಂಕು ಪಟ್ಟಿ. "ವೈಜಾಗಿನಲ್ಲಿ ಓದುವಾಗ ಪುಸ್ತಕದಲ್ಲಿ ಈ ಗೆರೆ ನೋಡಿದ್ದೆ. ಮೂವತ್ತೆಂಟು ವರ್ಷ ಆಯಿತು, ಒಂದು ಮಗುವಿನಲ್ಲೂ ನೋಡಿರಲಿಲ್ಲ. ನಿನ್ನ ಗಂಡನ ಮುದುಕ ಮೇಷ್ಟ್ರು ಸರಿಯಾಗೇ ಹೇಳಿದ್ದಾನೆ. ಇದು ಸ್ಕರ್ವಿ. ಹಡಗಿನವರ ಕಾಯಿಲೆ."

ಮಂಗಳಾ ಚೀಲದಿಂದ ಸಹಿಯ ಕಾಗದ ಹೊರತೆಗೆದಳು. "ನಾಳೆಯ ಪರೀಕ್ಷೆ?"

"ಅವರು ಹೆದರಿದ್ದು ತಪ್ಪಲ್ಲ. ರಕ್ತ ಕಡಿಮೆ ಇದ್ದರೆ ನಾನೂ ಹೆದರುತ್ತಿದ್ದೆ. ಆ ಆಸ್ಪತ್ರೆಗೆ ನಾನೇ ಫೋನ್ ಮಾಡುತ್ತೇನೆ, ಐದು ದಿನ ಮುಂದೂಡಲಿ. ರಕ್ತವನ್ನು ಹೈದರಾಬಾದಿನ ಲ್ಯಾಬಿಗೆ ಕಳಿಸೋಣ, ಉತ್ತರ ಬರಲು ವಾರ ಬೇಕು. ಅಲ್ಲಿಯವರೆಗೆ ಕಾಯುವುದಿಲ್ಲ. ಇವತ್ತೇ ಶುರು. ನಾನು ಸರಿಯಿದ್ದರೆ ಮೂರು ದಿನದಲ್ಲಿ ಮಗುವೇ ನಿನಗೆ ಹೇಳುತ್ತದೆ."

ಮೊದಲ ಎರಡು ದಿನದ ಔಷಧಿಯನ್ನು ಡಾಕ್ಟರು ಸೂಜಿಯ ಮೂಲಕವೇ ಕೊಟ್ಟರು. ಆಮೇಲೆ ಬಾಯಿಯಿಂದ ಕೊಡಬೇಕು. ಕಂದು ಬಣ್ಣದ ಚಿಕ್ಕ ಸೀಸೆಯೊಂದನ್ನು ಮೇಜಿನ ಮೇಲಿಟ್ಟಾಗ ಮಂಗಳಾ ಅದನ್ನೇ ನೋಡುತ್ತ ನಿಂತಳು.

"ಮೇಡಂ, ನನ್ನ ಕೈಯಿಂದ ಆಗುವುದಿಲ್ಲ. ಮತ್ತೆ ಮೂಗು ಹಿಡಿದು ಕುಡಿಸಲಾರೆ."

"ಯಾರು ಹಿಡಿ ಎಂದರು? ಹಿಡಿದರೆ ನಾನೇ ಬೈಯುತ್ತೇನೆ. ದಾರಿ ಹುಡುಕು. ಇಷ್ಟು ಹುಡುಕಿದವಳು."

ದಾರಿ ಸುಲಭಕ್ಕೆ ಸಿಗಲಿಲ್ಲ. ಹಾಲಿಗೆ ಹಾಕಿದರೆ ಹಾಲು ಒಡೆಯಿತು. ಅನ್ನಕ್ಕೆ ಬೆರೆಸಿದರೆ ಚಿನ್ನಿ ಮೂಸಿ ನೋಡಿ ತಟ್ಟೆಯನ್ನೇ ದೂಡಿದಳು. ಅನ್ನವನ್ನೂ ಬಿಟ್ಟುಬಿಟ್ಟಾಳು ಎಂದು ಮಂಗಳಾ ಬೆವತಳು. ಚಮಚವನ್ನಂತೂ ಮನೆಯಲ್ಲಿ ತೋರಿಸುವಂತೆಯೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಸೋತು, ಸೀಸೆಯ ಜೊತೆ ಬಂದಿದ್ದ ರಬ್ಬರ್ ತಲೆಯ ಹನಿಕೊಳವೆಯನ್ನು ಬಟ್ಟಲ ನೀರಿನಲ್ಲಿ ತೊಳೆಯುತ್ತ ಕುಳಿತಿದ್ದಳು. ರಬ್ಬರು ಒತ್ತಿದಾಗ ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದವು. ಹಾಸಿಗೆಯ ಕಡೆಯಿಂದ ನರಳಾಟ ನಿಂತಿತು.

ಮಂಗಳಾ ತಿರುಗಿ ನೋಡಲಿಲ್ಲ. ತಿರುಗಿದರೆ ಮಗಳು ಮುಖ ತಿರುಗಿಸುತ್ತಾಳೆಂದು ಗೊತ್ತಿತ್ತು. ಮತ್ತೊಮ್ಮೆ ಒತ್ತಿದಳು. ಮತ್ತೆ ಗುಳ್ಳೆ. ಹಾಸಿಗೆಯಿಂದ ಒಂದು ಪುಟ್ಟ ಕೈ ಚಾಚಿತು.

ಬಟ್ಟಲನ್ನೂ ಕೊಳವೆಯನ್ನೂ ಹಾಸಿಗೆಯ ಮೇಲಿಟ್ಟು ಹಿಂದೆ ಸರಿದಳು. ಚಿನ್ನಿ ಒತ್ತಿದಳು, ಬಿಟ್ಟಳು, ಒತ್ತಿದಳು. ನೀರನ್ನು ಗೋಡೆಗೆ ಚಿಮ್ಮಿಸಿದಳು, ದಿಂಬಿಗೆ ಚಿಮ್ಮಿಸಿದಳು, ಗಂಗಾಭವಾನಿಯ ಕೆನ್ನೆಗೆ ಚಿಮ್ಮಿಸಿದಳು. ಭವಾನಿ ಬಾಯಿ ತೆರೆದು, "ಇಲ್ಲಿ, ಇಲ್ಲಿ ಹಾಕು ಬಂಗಾರು," ಎಂದು ನಾಲಗೆ ಚಾಚಿದಳು. ಒಂದು ಹನಿ ಅವಳಿಗೆ. ಮಂಗಳಾ ತಾನೂ ಬಾಯಿ ತೆರೆದಳು. ಒಂದು ಹನಿ ಅಮ್ಮನಿಗೆ. ಆಮೇಲೆ ಯಾರೂ ಹೇಳದೆ, ಯಾರೂ ಹಿಡಿಯದೆ, ಚಿನ್ನಿ ಕೊಳವೆಯ ತುದಿಯನ್ನು ತನ್ನ ಕೆನ್ನೆಯೊಳಗೆ ಇಟ್ಟುಕೊಂಡು ಒತ್ತಿದಳು.

ಮುಂದಿನ ಸುತ್ತಿಗೆ ಬಟ್ಟಲಲ್ಲಿ ಕಾಲು ಭಾಗ ಔಷಧಿ ಇತ್ತು. ಮುಖ ಹುಳಿ ಮಾಡಿದಳು, ಯೋಚಿಸಿದಳು, ಮತ್ತೆ ಒತ್ತಿದಳು. ಒತ್ತುವ ಹಕ್ಕು ತನ್ನದಾಗಿದ್ದರೆ ಹುಳಿಯೂ ನಡೆಯುತ್ತದೆ ಎಂದು ಅವಳು ತೀರ್ಮಾನಿಸಿದ ಹಾಗಿತ್ತು. ಗಂಗಾಭವಾನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ್ದು ಬರೀ ನೀರನ್ನಲ್ಲ.

ಅಂದು ಮಧ್ಯಾಹ್ನ ಚಿನ್ನಿ ಮೂರು ಗಂಟೆ ಅಲುಗಾಡದೆ ನಿದ್ದೆ ಮಾಡಿದಳು. ಗುರುವಾರ ಹೊದಿಕೆ ತಾಗಿದರೆ ಅಳಲಿಲ್ಲ. ಶುಕ್ರವಾರ ಬಟ್ಟೆ ಬದಲಿಸುವಾಗ ಕಾಲುಗಳು ತಾವಾಗಿಯೇ ನೆಟ್ಟಗೆ ಚಾಚಿಕೊಂಡವು. ಮಂಗಳಾ ಆ ಎರಡು ನೇರ ಕಾಲುಗಳನ್ನು ಎಷ್ಟೋ ಹೊತ್ತು ನೋಡುತ್ತ ಕುಳಿತಳು. ಅಂದೇ ರಾಜ್ಯಲಕ್ಷ್ಮಿ ಫೋನ್ ಮಾಡಿ ಮಜ್ಜೆಯ ಪರೀಕ್ಷೆಯನ್ನು ರದ್ದು ಮಾಡಿಸಿದರು. ತಲೆ ಚಚ್ಚಿಕೊಳ್ಳುವುದು ನಿಂತಿತು, ಕೈ ಕಚ್ಚಿಕೊಳ್ಳುವುದು ನಿಂತಿತು. ಆಟಿಸಂ ಹೆಚ್ಚಾಗಿದೆ ಎಂದು ಎಲ್ಲರೂ ಹೇಳಿದ್ದು ಒಸಡು ಮತ್ತು ಮೂಳೆಗಳ ನೋವನ್ನು. ಹೇಳಿಕೊಳ್ಳಲು ಎರಡೇ ಮಾತಿದ್ದ ಮಗು ತಲೆಯಿಂದ ಗೋಡೆ ಬಡಿದು ಹೇಳಿತ್ತು.

ಹತ್ತನೆಯ ದಿನ ಬೆಳಿಗ್ಗೆ ಮಂಗಳಾ ಅಡುಗೆಮನೆಯಲ್ಲಿ ಹಾಲು ಕಾಸುತ್ತಿದ್ದಳು. ಹಿಂದೆ ಏನೋ ಸರಿದ ಸಪ್ಪಳ. ಚಿನ್ನಿ ಗೋಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಮ್ಮನನ್ನು ನೋಡುತ್ತಿರಲಿಲ್ಲ, ಕಟ್ಟೆಯ ಮೇಲಿದ್ದ ಬಿಸ್ಕೀಟಿನ ಡಬ್ಬಿಯನ್ನು ನೋಡುತ್ತಿದ್ದಳು. ಗೋಡೆ ಬಿಟ್ಟಳು. ಒಂದು ಹೆಜ್ಜೆ. ಸ್ವಲ್ಪ ಓಲಾಡಿದಳು. ಎರಡು, ಮೂರು, ನಾಲ್ಕು. ಡಬ್ಬಿಗೆ ಕೈ ಹಾಕಿದಳು.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಮಂಗಳಾ ಆರಿಸಲಿಲ್ಲ. "ಭವಾನಮ್ಮಾ! ಭವಾನಮ್ಮಾ, ಬರ್ರೀ!" ಎಂದು ಕನ್ನಡದಲ್ಲೇ ಕೂಗಿದಳು. ಗಂಗಾಭವಾನಿ ಓಡಿ ಬಂದು, ಕಂಡು, ಎರಡೂ ಕೈ ಬೆಟ್ಟದ ಕಡೆಗೆ ಎತ್ತಿ ಅಮ್ಮನವರನ್ನು ಕೂಗಿದಳು. ಆ ಕೂಗಿಗೆ ಚಿನ್ನಿ ಕಿವಿ ಮುಚ್ಚಿಕೊಂಡು, ಬಿಸ್ಕೀಟಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೋಣೆಗೆ ನಡೆದುಹೋದಳು.

ಅದೇ ವಾರ ಹೈದರಾಬಾದಿನಿಂದ ವರದಿ ಬಂತು. ಮಗುವಿನ ರಕ್ತದಲ್ಲಿ ವಿಟಮಿನ್ ಸಿ ಯಂತ್ರದ ಅಳತೆಗೆ ಸಿಗದಷ್ಟು ಕಡಿಮೆ ಇತ್ತು. ರಾಜ್ಯಲಕ್ಷ್ಮಿ ಅದರ ಪ್ರತಿಯನ್ನೂ ಎಕ್ಸ್‌ರೇಯನ್ನೂ ಆ ದೊಡ್ಡ ಆಸ್ಪತ್ರೆಗೆ ಸ್ವತಃ ಒಯ್ದರು. ಮೂಳೆ ಡಾಕ್ಟರು ಮಂಗಳಾಗೆ ಫೋನ್ ಮಾಡಿ, "ಮೇಡಂ, ನಾನು ಬಾಯಿ ನೋಡಬೇಕಿತ್ತು. ಏನು ತಿನ್ನುತ್ತಾಳೆ ಎಂದು ಕೇಳಬೇಕಿತ್ತು. ಇನ್ನು ಮೇಲೆ ಕೇಳುತ್ತೇನೆ," ಎಂದರು. ಮಂಗಳಾಗೆ ಆ ಮನುಷ್ಯನ ಮೇಲಿದ್ದ ಕೋಪ ಅಲ್ಲಿಗೆ ಮುಗಿಯಿತು.

ಸುದ್ದಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹರಡಿತು. ಹರಡುತ್ತ ಹರಡುತ್ತ ಬೇರೆಯೇ ಆಯಿತು. ವಿಟಮಿನ್ ಕೊಟ್ಟು ಮಗುವಿನ ಆಟಿಸಂ ವಾಸಿಯಾಯಿತಂತೆ! ಡಿಸೆಂಬರಿನ ಮೊದಲ ವಾರ ಒಂದು ಫೋನು ಬಂತು. ಆ ಇಂಪಾದ ದನಿಯನ್ನು ಮಂಗಳಾ ಒಂದೇ ಮಾತಿಗೆ ಗುರುತಿಸಿದಳು.

"ಮೇಡಂ, ನಾನು ದುರ್ಗಾಪ್ರಸಾದ್. ಭಾನುವಾರ ವಿಜಯವಾಡದಲ್ಲಿ ನಮ್ಮ ಸಭೆ ಇದೆ. ನಿಮ್ಮ ಪಾಪ ನಮ್ಮ ಹಳೆಯ ಪಾಪ ಅಲ್ಲವೇ? ವೇದಿಕೆ ಮೇಲೆ ಬಂದು ಎರಡು ಮಾತು ಹೇಳಿದರೆ ಎಷ್ಟೋ ತಾಯಂದಿರಿಗೆ ಧೈರ್ಯ ಬರುತ್ತದೆ."

"ಬರುತ್ತೇನೆ," ಎಂದಳು ಮಂಗಳಾ.

ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಜನ. ಮುಂದಿನ ಸಾಲುಗಳಲ್ಲಿ ತಾಯಂದಿರು, ಮಡಿಲಲ್ಲಿ ಮಕ್ಕಳು. ಮೇಜಿನ ಮೇಲೆ ಒಂಬತ್ತು ಸೀಸೆಗಳ ಅದೇ ಪೆಟ್ಟಿಗೆ, ಈಗ ಹೊಸ ಬಣ್ಣದಲ್ಲಿ. ದುರ್ಗಾಪ್ರಸಾದ್ ಮೈಕನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ನಗುತ್ತ ನಿಂತ. ಎರಡು ವರ್ಷದ ಹಿಂದೆ ಇಂಥದೇ ಸಾಲಿನಲ್ಲಿ ತಾನು ಕುಳಿತು ಅವನ ಮಾತಿಗೆ ತಲೆಯಾಡಿಸಿದ್ದು ಮಂಗಳಾಗೆ ನೆನಪಿತ್ತು. ತೆಲುಗಿನಲ್ಲಿ ಶುರು ಮಾಡಿದಳು.

"ನನ್ನ ಮಗಳು ಚಿನ್ಮಯಿ. ಅವಳಿಗೆ ಆಟಿಸಂ ಇದೆ. ಮೊದಲೂ ಇತ್ತು, ಇವತ್ತೂ ಇದೆ. ವಿಟಮಿನ್ ಅದನ್ನು ಮುಟ್ಟಲಿಲ್ಲ. ವಿಟಮಿನ್ ಮುಟ್ಟಿದ್ದು ಅವಳ ಕಾಲನ್ನು. ಅವಳು ಐದು ತಿಂಗಳು ಹಣ್ಣು, ತರಕಾರಿ ಏನೂ ತಿನ್ನದೆ ಸ್ಕರ್ವಿ ಬಂದು ಹಾಸಿಗೆ ಹಿಡಿದಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಯಾವುದು ಕಡಿಮೆಯಿದೆಯೋ ಅದೊಂದನ್ನೇ ಕೊಟ್ಟರು. ಎದ್ದಳು. ಈ ಒಂಬತ್ತು ಸೀಸೆಗಳನ್ನು ನಾನು ಎಂಟು ವಾರ ಮೂಗು ಹಿಡಿದು ಕುಡಿಸಿದ್ದೇನೆ. ಅದರಿಂದ ಅವಳು ಊಟವನ್ನೇ ಬಿಟ್ಟಳು."

ನಗು ಮಾಯವಾಗಿ ದುರ್ಗಾಪ್ರಸಾದ್ ಮೈಕಿಗೆ ಕೈ ಚಾಚಿದ. ಮಂಗಳಾ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ನಿಮ್ಮ ಮಗು ಮೂರು ನಾಲ್ಕು ಬಗೆ ಬಿಟ್ಟು ಬೇರೇನೂ ತಿನ್ನದಿದ್ದರೆ, ಮಾತಿಗೆಂದು ಸೀಸೆ ಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಿ ಏನು ತಿನ್ನುತ್ತದೆ ಎಂದು ನೀವಾಗಿಯೇ ಹೇಳಿ, ರಕ್ತ ನೋಡಿಸಿ. ಕಾಲು ನೋವು ಅಂದರೆ ನಂಬಿ. ಒಸಡು ನೋಡಿ. ಆಟಿಸಂ ಇರುವ ಮಗುವಿಗೂ ಬೇರೆ ಕಾಯಿಲೆ ಬರುತ್ತದೆ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಾಲು. ವೇದಿಕೆಯಿಂದ ಇಳಿಯುವಷ್ಟರಲ್ಲಿ ತಾಯಂದಿರು ಸುತ್ತ ಮುತ್ತಿದರು. ಅವರಲ್ಲಿ ಸಣ್ಣ ವಯಸ್ಸಿನ ಹೆಂಗಸೊಬ್ಬಳು ಅವಳ ತೋಳು ಹಿಡಿದುಕೊಂಡಳು. "ನನ್ನ ಮಗಳು ನೂಡಲ್ಸ್ ಬಿಟ್ಟು ಏನೂ ಮುಟ್ಟುವುದಿಲ್ಲ ಅಕ್ಕಾ. ಒಂದು ತಿಂಗಳಿಂದ ಎತ್ತಿಕೋ ಎಂದು ಹಟ ಮಾಡುತ್ತಾಳೆ. ಸೋಮಾರಿತನ ಅಂದುಕೊಂಡಿದ್ದೆವು." ಮಂಗಳಾ ಅವಳನ್ನು ಅಲ್ಲಿಂದಲೇ ಆಟೋದಲ್ಲಿ ಒನ್ ಟೌನಿಗೆ ಕರೆದುಕೊಂಡು ಹೋದಳು. ಮತ್ತೊಂದು ಭಾನುವಾರ ಹಾಳಾದದ್ದಕ್ಕೆ ರಾಜ್ಯಲಕ್ಷ್ಮಿ ಬೈದರು. ಬೈದು, ನೆಲದ ಮೇಲೆ ಕುಳಿತರು. ಎರಡು ವಾರದ ನಂತರ ಆ ಹುಡುಗಿಯೂ ನಡೆದಳು.

ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ಹಡಗು ವೈಜಾಗಿಗೆ ಮರಳಿತು. ಶಿವಲಿಂಗಪ್ಪ ಸಿಕ್ಕ ರೈಲು ಹತ್ತಿದ. ಮಗಳು ನಡೆಯುತ್ತಾಳೆಂದು ಫೋನಿನಲ್ಲಿ ಕೇಳಿದ್ದ, ವಿಡಿಯೋದಲ್ಲೂ ನೋಡಿದ್ದ. ಆದರೂ ವಿಜಯವಾಡದ ಪ್ಲಾಟ್‌ಫಾರಂನಲ್ಲಿ ಇಳಿದಾಗ ಅವನ ಕಣ್ಣು ಹೆಂಡತಿಯ ಕಂಕುಳನ್ನೇ ಹುಡುಕಿತು.

ಕಂಕುಳು ಖಾಲಿಯಿತ್ತು. ಚಿನ್ನಿ ಅಮ್ಮನ ಕೈ ಕೊಸರಿಕೊಂಡು ಓಡಿ ಬರುತ್ತಿದ್ದಳು. ಜನರ ಚೀಲಗಳ ನಡುವೆ, ಕೂಲಿಯವರ ಕಾಲುಗಳ ನಡುವೆ, ಫ್ರಾಕು ಹಾರಿಸಿಕೊಂಡು. ಶಿವಲಿಂಗಪ್ಪ ಚೀಲ ಕೆಳಗಿಟ್ಟು, ಮೊಣಕಾಲೂರಿ, ಎರಡೂ ತೋಳು ಚಾಚಿದ. ಚಿನ್ನಿ ಅವನ ಬಲತೋಳಿನ ಪಕ್ಕದಿಂದ ನುಸುಳಿ ಮುಂದಕ್ಕೆ ಓಡಿದಳು. ಅವಳಿಗೆ ಕಂಡಿದ್ದು ಅಪ್ಪನ ಹಿಂದೆ ತಾನಾಗಿ ಮೇಲೇರುತ್ತಿದ್ದ ಎಸ್ಕಲೇಟರಿನ ಮೆಟ್ಟಿಲುಗಳು.

"ಅಯ್ಯ, ಹಿಡೀರಿ ಆಕೀನ್ನ!" ಎಂದು ಮಂಗಳಾ ಕೂಗಿದಳು. ಕೂಗುವಾಗಲೇ ನಗುತ್ತಿದ್ದಳು.

"ಏನ್ ಓಡತಾಳಲೇ ನನ್ನ ಮಗಳು!" ಅಂದ ಶಿವಲಿಂಗಪ್ಪ. ಚೀಲವನ್ನು ಅಲ್ಲೇ ಬಿಟ್ಟು ಹಿಂದೆಯೇ ಓಡಿದ. ಮೂರನೆಯ ಮೆಟ್ಟಿಲಲ್ಲಿ ಅವಳನ್ನು ಸೇರಿಕೊಂಡು ಪಕ್ಕದಲ್ಲಿ ನಿಂತ. ಎತ್ತಿಕೊಳ್ಳಲಿಲ್ಲ. ತನ್ನ ಕಾಲ ಮೇಲೆ ನಿಂತಿದ್ದವಳನ್ನು ಎತ್ತುವ ಮನಸ್ಸು ಅವನಿಗೆ ಬರಲಿಲ್ಲ. ಮೇಲೆ ಹೋಗಿ, ಇನ್ನೊಂದು ಬದಿಯಿಂದ ಇಳಿದು, ಮತ್ತೆ ಹತ್ತಿದರು. ಅವರು ನಾಲ್ಕನೆಯ ಸಲ ಮೇಲೇರುವಾಗ ಮಂಗಳಾ ಗಂಡನ ಚೀಲವನ್ನು ಹೆಗಲಿಗೇರಿಸಿಕೊಂಡು, ತಾನೂ ಹಿಂದಿನ ಮೆಟ್ಟಿಲ ಮೇಲೆ ಕಾಲಿಟ್ಟಳು.